ಇಂಟರ್‌ವ್ಯೂ ಟೈಮ್ ಹೊಂದಿಸಿಕೊಟ್ಟ ಮೇಡಂಗೆ ಥ್ಯಾಂಕ್ಸ್

ಮೇಡಂ, ನಿಮ್ಮ ಹೆಸರು ಬರೆಯುತ್ತಿಲ್ಲ. ಓದಿದರೆ ನಿಮಗೇ ಗೊತ್ತಾಗುತ್ತದೆ. ನೀವು ಬೆಂಗಳೂರಿನ ಕಂಪನಿಯೊಂದರಲ್ಲಿ ಇಂಟರ್‌ವ್ಯೂಗಳಿಗೆ ಟೈಮ್ ಹೊಂದಿಸುವವರು, ನಾನು ದಾವಣಗೆರೆಯ ವಿದ್ಯಾನಗರದಲ್ಲಿ ಕೂತು ಕೆಲಸ ಹುಡುಕುತ್ತಿದ್ದವಳು. ಆಯ್ಕೆ ಮಾಡುವುದು ನಿಮ್ಮ ಕೈಯಲ್ಲಿ ಇರಲಿಲ್ಲ. ಆದರೂ ಜಾಸ್ತಿ ನೆರವಾದವರು ನೀವೇ.

“ಯಾವಾಗಾದ್ರೂ ಓಕೆ ಅಂತ ಬರೀಬೇಡಿ, ತಾರೀಖು ಹಾಕಿ ಮೂರು ಟೈಮ್ ಕೊಡಿ” ಅಂದಿರಿ. ಅಷ್ಟೊಂದು ಜನರ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂತವರಿಗೆ ಅದೇ ಅನುಕೂಲ ಅಲ್ವಾ?

ಕೊನೆಯ ಸುತ್ತಿನಲ್ಲಿ ಇಂಟರ್‌ವ್ಯೂ ಮಾಡುವವರು ಕ್ಯಾಲಿಫೋರ್ನಿಯಾದವರು. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಅವರ ಬೆಳಿಗ್ಗೆ 9 ಅಂದರೆ ಅಕ್ಟೋಬರಿನಲ್ಲಿ ನಮಗೆ ರಾತ್ರಿ 9.30, ಆ ಭಾನುವಾರದಿಂದ 10.30. ಇದು ನನಗೆಲ್ಲಿ ಗೊತ್ತಿತ್ತು! ನೀವೇ ಫೋನ್ ಮಾಡಿ ಹೇಳಿದಿರಿ. ಟೈಮ್ ಬರೆದಾಗಲೆಲ್ಲ ಪಕ್ಕದಲ್ಲಿ ‘ಭಾರತದ ಸಮಯ’ ಅಂತ ಸೇರಿಸಲು ಕಲಿಸಿದಿರಿ.

ಅಷ್ಟರಲ್ಲಿ ಇಂಟರ್‌ವ್ಯೂ ಹೊತ್ತಿಗೇ ನಮ್ಮ ಏರಿಯಾದಲ್ಲಿ ಕರೆಂಟ್ ತೆಗೆಯುತ್ತಾರೆ ಅಂತ ಪೇಪರಿನಲ್ಲಿ ಬಂತು. ಹಿಂದಿನ ದಿನವೇ, ಹಳೆಯ ಮೇಲ್‌ಗೇ ಉತ್ತರವಾಗಿ, ಬೇರೆ ಎರಡು ಟೈಮ್ ಬರೆದು ಕಳಿಸಿದೆ. ಬೇಜಾರು ಮಾಡಿಕೊಳ್ಳದೆ ಬದಲಾಯಿಸಿದಿರಿ. “ಐದು ನಿಮಿಷ ಮುಂಚೆ ಹೇಳೋರೇ ಜಾಸ್ತಿ” ಅಂತ ನಕ್ಕಿರಿ. ಹೊಸ ಇನ್‌ವೈಟ್ ಬಂದ ಕೂಡಲೇ ‘ಯೆಸ್’ ಒತ್ತಲು ನೆನಪಿಸಿದಿರಿ. ಇಲ್ಲದಿದ್ದರೆ ನಾನು ಬರ್ತೀನೋ ಇಲ್ಲವೋ ಅಂತ ಪ್ಯಾನೆಲ್‌ನವರು ನಿಮ್ಮನ್ನೇ ಕೇಳುತ್ತಾರಂತೆ.

ಆ ಕೆಲಸ ನನಗೆ ಸಿಗಲಿಲ್ಲ. ಅದನ್ನೂ ನೀವೇ ಫೋನ್ ಮಾಡಿ ತಿಳಿಸಿದಿರಿ. ಎಷ್ಟೋ ಕಡೆ ಸುಮ್ನೆ ಇದ್ದುಬಿಡುತ್ತಾರೆ. ನಮ್ಮೂರಿಗೆ ಬಂದರೆ ಬೆಣ್ಣೆ ದೋಸೆ ನನ್ನ ಲೆಕ್ಕ, ಮೇಡಂ.