ಉಗ್ರಾಣದ ದೈವ, ಅರ್ಧ ಮುಚ್ಚಿದ ಬಾಗಿಲು

ಪ್ರಿಯ ಗೆಳೆಯ,

ಬೆಲ್ಲದ ಡಬ್ಬಿಯ ಪ್ರಸಂಗವನ್ನು ನೀನಿನ್ನೂ ಮರೆತಿಲ್ಲವೆಂದು ನಿನ್ನ ಪತ್ರದಿಂದ ತಿಳಿಯಿತು, ನಾನೂ ಮರೆತಿಲ್ಲ.

ಪ್ರಾಚೀನ ಗ್ರೀಕರ ಮನೆದೈವಗಳ ಬಗ್ಗೆ ಓದುತ್ತಿದ್ದೇನೆಂದು ಹೇಳಿದ್ದೆನಲ್ಲ. ಒಲಿಂಪಸ್ ಬೆಟ್ಟದ ದೊಡ್ಡ ದೇವರುಗಳಿಗಿಂತ ನನಗೆ ಹತ್ತಿರವಾದವನು ಅಗಾಥೊಸ್ ದೈಮೋನ್, ಎಂದರೆ ‘ಒಳ್ಳೆಯ ದೈವ’. ಊಟವಾದ ಮೇಲೆ ನೀರು ಬೆರೆಸದ ದ್ರಾಕ್ಷಾರಸದ ಕೆಲವು ಹನಿಗಳನ್ನು ಅವನ ಹೆಸರಿನಲ್ಲಿ ಅರ್ಪಿಸುತ್ತಿದ್ದರು. ಹಾವಿನ ರೂಪದಲ್ಲಿ ಅವನನ್ನು ಕಾಣುತ್ತಿದ್ದರು. ಗ್ರೀಸಿನ ಬಿಯೋಷಿಯಾ ಪ್ರಾಂತದ ಜನ ಅವನಿಗೆ ಬಲಿಯರ್ಪಿಸಿದ ಮೇಲೆಯೇ ಹೊಸ ದ್ರಾಕ್ಷಾರಸದ ರುಚಿ ನೋಡುತ್ತಿದ್ದರೆಂದು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಉಗ್ರಾಣವನ್ನು ಕಾಯುವವನು ಝೀಯಸ್ ಕ್ಟೇಸಿಯೋಸ್, ಎಂದರೆ ಮನೆಯ ಸ್ವತ್ತನ್ನು ಕಾಯುವ ರೂಪದ ದೇವರಾಜ ಝೀಯಸ್. ಅವನಿಗೆ ಗುಡಿ ಬೇಕಿರಲಿಲ್ಲ, ಮುಚ್ಚಳವಿರುವ ಒಂದು ಗಡಿಗೆ ಸಾಕಿತ್ತು. ಅದರ ಎರಡು ಹಿಡಿಗಳಿಗೆ ಬಿಳಿಯ ಉಣ್ಣೆ ಸುತ್ತಿ, ಒಳಗೆ ಶುದ್ಧ ನೀರು, ಆಲಿವ್ ಎಣ್ಣೆ, ಬಗೆಬಗೆಯ ಫಲಗಳನ್ನು ಹಾಕುತ್ತಿದ್ದರು. ಮನೆಯಲ್ಲಿರುವ ಇಷ್ಟನ್ನೇ ಬೆರೆಸಿ ಅದಕ್ಕೆ ‘ಅಂಬ್ರೋಸಿಯಾ’, ದೇವತೆಗಳ ಅಮೃತ, ಎಂಬ ಹೆಸರಿಟ್ಟ ಆ ಜನರ ಮೇಲೆ ನನಗೆ ತುಂಬು ಪ್ರೀತಿ ಹುಟ್ಟಿತು.

ಆಮೇಲೆ ಕಿರೋನ್ ಎಂಬ ಅಜ್ಜನ ಕಥೆಗೆ ಬಂದೆ. ಕ್ರಿ.ಪೂ. 4ನೇ ಶತಮಾನದ ಅಥೆನ್ಸಿನಲ್ಲಿ ಅವನ ಆಸ್ತಿಗಾಗಿ ನಡೆದ ಮೊಕದ್ದಮೆಯಲ್ಲಿ ಮೊಮ್ಮಕ್ಕಳ ಪರವಾಗಿ, ನ್ಯಾಯಾಲಯದ ಭಾಷಣಗಳನ್ನು ಬರೆಯುತ್ತಿದ್ದ ಇಸೇಯಸ್ ಭಾಷಣ ಬರೆದುಕೊಟ್ಟಿದ್ದ. ಅಜ್ಜ ಕ್ಟೇಸಿಯೋಸನಿಗೆ ಬಲಿ ಕೊಡುವಾಗ ಗುಲಾಮರನ್ನೂ ಹೊರಗಿನ ಸ್ವತಂತ್ರರನ್ನೂ ಸೇರಿಸದೆ ಎಲ್ಲವನ್ನೂ ತಾನೇ ಮಾಡುತ್ತಿದ್ದ, ಆದರೆ ನಮ್ಮನ್ನು ಜೊತೆಗೂಡಿಸಿಕೊಂಡು, ನಮಗೆ ಆರೋಗ್ಯವನ್ನೂ ಸಂಪತ್ತನ್ನೂ ಬೇಡುತ್ತಿದ್ದ, ಆದ್ದರಿಂದ ನಾವು ಅವನ ಮಗಳ ಮಕ್ಕಳೇ ಹೌದು ಎಂಬುದು ಆ ಮೊಮ್ಮಕ್ಕಳ ವಾದ. ಮೊದಲ ಓದಿನಲ್ಲಿ ಅಜ್ಜನ ಅಕ್ಕರೆಯೊಂದೇ ಕಂಡಿತ್ತು. ಎರಡನೆಯ ಓದಿನಲ್ಲಿ ಗುಲಾಮರೆಂಬ ಪದದ ಬಳಿ ನಿಂತುಬಿಟ್ಟೆ. ಹೊಸದಾಗಿ ಕೊಂಡುತಂದ ಗುಲಾಮನನ್ನು ಮನೆಯ ಒಲೆಯ ಬಳಿ ಕೂರಿಸಿ, ಮದುವಣಗಿತ್ತಿಗೆ ಮಾಡಿದಂತೆಯೇ, ತಲೆಯ ಮೇಲೆ ಖರ್ಜೂರ, ಒಣ ಅಂಜೂರ, ಬೀಜಗಳನ್ನು ಸುರಿಯುತ್ತಿದ್ದವರೂ ಇದೇ ಅಥೆನ್ಸಿನವರು. ಹಾಗೆ ಸಿಹಿ ಸುರಿದು ಒಳಗೆ ಕರೆದವನನ್ನು ಕಿರೋನನಂಥವರು ಉಗ್ರಾಣದ ದೈವದ ಮುಂದೆ ನಿಲ್ಲಗೊಡಲಿಲ್ಲ, ಆ ಗಡಿಗೆಯೊಳಗಿನ ಫಲಗಳಿಗೆ ಬೆವರು ಸುರಿಸಿದವರಲ್ಲಿ ಅವನೂ ಇದ್ದಿರಬಹುದು.

ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ, ಕಾರಣ ಗ್ರೀಕರಲ್ಲ. ನನಗಾಗ ಹತ್ತು ವರ್ಷವಿರಬೇಕು. ನಮ್ಮ ಮನೆಯಲ್ಲಿ ಕದಿರು, ಎಂದರೆ ಹೊಸ ಪೈರಿನ ತೆನೆ, ಕಟ್ಟಿದ ದಿನ, ನಮ್ಮ ಗದ್ದೆಯಲ್ಲಿ ವರ್ಷವಿಡೀ ದುಡಿದಿದ್ದ ಹೆಂಗಸೊಬ್ಬಳು ಅಂಗಳದಲ್ಲಿ ನಿಂತು, “ಈ ಸಲ ಕದಿರು ಹೇಗೆ ಕಟ್ಟಿದ್ದೀರಿ, ಅಪ್ಪಿ?” ಎಂದು ಕತ್ತು ಚಾಚಿ ಕೇಳಿದಳು. ನಾನು ಬಾಗಿಲನ್ನು ಅರ್ಧ ಮುಚ್ಚಿದೆ. ಹಾಗೆ ಮಾಡೆಂದು ಆ ದಿನ ನನಗೆ ಯಾರೂ ಹೇಳಿರಲಿಲ್ಲ. ಅವಳು ಏನೂ ಅನ್ನದೆ ಸೆರಗು ಸರಿಪಡಿಸಿಕೊಂಡು ಹಿಂದೆ ಸರಿದಳು.

ಇದನ್ನು ಬರೆಯಬೇಕೆಂದು ನಾನು ಕುಳಿತಿರಲಿಲ್ಲ. ಇರಲಿ, ಮುಂದಿನ ತಿಂಗಳು ನೀನು ಬಂದಾಗ ಊಟದ ನಂತರ ಒಳ್ಳೆಯ ದೈವದ ಹೆಸರಿನಲ್ಲಿ ನಾಲ್ಕು ಹನಿ ಪಾನಕವನ್ನಾದರೂ ಚೆಲ್ಲೋಣ. ಬೆಲ್ಲದ ಡಬ್ಬಿ ಈಗ ಅಟ್ಟದ ಮೇಲಿದೆ. ಈ ಸಲ ಏಣಿ ಹಿಡಿಯುವ ಸರದಿ ನಿನ್ನದು.

ನಿನ್ನ ಗೆಳೆಯ