ಬೈಪೋಲಾರ್ ಬಗ್ಗೆ ಗುಂಪಿನವರಿಗೆ ಒಂದು ಸೂಚನೆ

ಎಲ್ಲರಿಗೂ ನಮಸ್ಕಾರ. ಬೈಪೋಲಾರ್ (ಮನಸ್ಸು ಕೆಲವು ಕಾಲ ವಿಪರೀತ ಏರಿ, ಕೆಲವು ಕಾಲ ಕುಸಿಯುವ ಮಾನಸಿಕ ಕಾಯಿಲೆ) ಬಗ್ಗೆ ಇಲ್ಲಿ ಪ್ರಶ್ನೆಗಳು ಬರುತ್ತಲೇ ಇವೆ, ಅದಕ್ಕೇ ಒಂದೇ ಕಡೆ ಬರೆದಿದ್ದೇನೆ.

ಬೆಳಿಗ್ಗೆ ಖುಷಿ, ಸಂಜೆ ಸಿಟ್ಟು ಅನ್ನೋದು ಬೈಪೋಲಾರ್ ಅಲ್ಲ, ಅದು ಎಲ್ಲರಿಗೂ ಇರುವುದೇ. ಬೈಪೋಲಾರ್‌ನಲ್ಲಿ ಮನಸ್ಸು ವಿಪರೀತ ಏರುವ ಮೇನಿಯಾ ಸಾಮಾನ್ಯವಾಗಿ 7 ದಿನವಾದರೂ ಇರುತ್ತದೆ, ಖಿನ್ನತೆ 2 ವಾರವಾದರೂ.

ಮೊದಲು ನಿದ್ದೆ ಗಮನಿಸಿ. ನಿದ್ದೆ ಬರದೆ ಒದ್ದಾಡುವುದು ಬೇರೆ, ನಿದ್ದೆಯೇ ಬೇಡ ಅನ್ನಿಸುವುದು ಬೇರೆ. ಮೇನಿಯಾ ಬಂದವರಿಗೆ ರಾತ್ರಿ 3 ಗಂಟೆಯಷ್ಟೇ ಮಲಗಿ ಎದ್ದರೂ ಸುಸ್ತಿಲ್ಲ, ಮಾತು ನಿಲ್ಲುವುದಿಲ್ಲ, ಸಾಲ ಮಾಡಿಯಾದರೂ ಖರೀದಿ. ಆಗ ಅವರಿಗೆ 'ನಾನು ಚೆನ್ನಾಗೇ ಇದ್ದೀನಲ್ವಾ' ಅನ್ನಿಸುತ್ತದೆ. ಬದಲಾವಣೆ ಕಾಣುವುದು ಮನೆಯವರಿಗೇ ಜಾಸ್ತಿ. ಡಾಕ್ಟರ ಹತ್ತಿರ ಬರೀ ಬೇಜಾರಿನ ಕಥೆ ಹೇಳಬೇಡಿ, ಈ ದಿನಗಳನ್ನೂ ಹೇಳಿ. ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಕೆಲವರಲ್ಲಿ ಮೇನಿಯಾ ಕೆರಳಬಹುದು.

ಲಿಥಿಯಂ (ಬೈಪೋಲಾರ್‌ಗೆ ಕೊಡುವ ಒಂದು ಮಾತ್ರೆ) ತಗೊಳ್ಳುವವರು ರಕ್ತ ಪರೀಕ್ಷೆ ತಪ್ಪಿಸಬೇಡಿ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯಿಂದಲೂ ವಾಂತಿ-ಭೇದಿಯಿಂದಲೂ ರಕ್ತದಲ್ಲಿ ಅದರ ಮಟ್ಟ ಏರಬಹುದು. ಕೈ ಜೋರಾಗಿ ನಡುಗಿದರೆ, ಮಾತು ತೊದಲಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಹುಷಾರಾಯ್ತು ಅಂತ ಸುಮ್ನೆ ಮಾತ್ರೆ ನಿಲ್ಲಿಸುವುದಂತೂ ಬೇಡವೇ ಬೇಡ.

ದೊಡ್ಡ ಅಪಾಯ ಆತ್ಮಹತ್ಯೆಯದು. ಮನಸ್ಸು ಕುಸಿದು, ಜೊತೆಗೇ ಮೈಯಲ್ಲಿ ಚಡಪಡಿಕೆ ಇದ್ದರೆ ಇನ್ನೂ ಜೋಪಾನ. 'ಸಾಯಬೇಕು ಅನ್ನಿಸ್ತಿದೆಯಾ?' ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ. ಗುಂಪಿನಲ್ಲಿ ಅಂಥ ಮೆಸೇಜ್ ಕಂಡರೆ ಫಾರ್ವರ್ಡ್ ಮಾಡಬೇಡಿ, ಅವರಿಗೆ ಫೋನ್ ಮಾಡಿ.