ನಿಮ್ಮ ಕರಾರುಪತ್ರದ 4, 7 ಮತ್ತು 11ನೇ ಕಲಂಗಳ ಬಗ್ಗೆ

ಪ್ರಕಾಶನದ ವ್ಯವಸ್ಥಾಪಕರಿಗೆ,

ವಿಷಯ: ನನ್ನ ಕಥಾಸಂಕಲನದ ಕರಾರು, ಪ್ರಚಾರದ ಷರತ್ತುಗಳು

ಮಾನ್ಯರೇ,

ಫೋನು, ವಾಟ್ಸಾಪು, ಇಮೇಲು ಎಲ್ಲ ಆಯಿತು. ‘ನೋಡೋಣ ಮೇಡಂ’ ಬಿಟ್ಟರೆ ಬೇರೆ ಉತ್ತರವಿಲ್ಲ. ಅದಕ್ಕೇ ಈ ಪತ್ರ.

4ನೇ ಕಲಂ ಪ್ರಕಾರ ರಾಯಲ್ಟಿ ‘ನಿವ್ವಳ ವಸೂಲಿ’ಯ ಶೇ. 10. ಪುಸ್ತಕದ ಬೆಲೆ 200 ರೂಪಾಯಿ. ಮುಖಬೆಲೆಯ ಮೇಲೆ ಲೆಕ್ಕ ಹಾಕಿದರೆ ಪ್ರತಿಗೆ 20 ಬರಬೇಕು. ಅಂಗಡಿಯವರ ಶೇ. 40 ಕಮಿಷನ್ ಕಳೆದರೆ 12. ಅದರಲ್ಲೂ ‘ಸಾಗಣೆ, ಪ್ರಚಾರ ಇತ್ಯಾದಿ’ ಮುರಿದುಕೊಳ್ಳುತ್ತೀರಿ. ಆ ‘ಇತ್ಯಾದಿ’ಗೆ ಮಿತಿ ಎಲ್ಲಿದೆ?

7ನೇ ಕಲಂನಲ್ಲಿ ಅನುವಾದ, ಆಡಿಯೊ, ಸಿನಿಮಾ ಹಕ್ಕುಗಳೆಲ್ಲ ನಿಮಗೆ. ಅವಧಿಯ ಜಾಗ ಮಾತ್ರ ಖಾಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾಶಕರಿಗೆ ಗೊತ್ತಿರಲೇಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಖಾಲಿ ಬಿಟ್ಟ ಜಾಗ ‘ಶಾಶ್ವತ’ ಆಗುವುದಿಲ್ಲ.

11ನೇ ಕಲಂ: ಅಚ್ಚಾಗುವ 300ರಲ್ಲಿ 150 ಪ್ರತಿಗಳನ್ನು ಲೇಖಕಿಯೇ ಶೇ. 25 ರಿಯಾಯಿತಿಯಲ್ಲಿ, ಅಂದರೆ 22,500 ಕೊಟ್ಟು ಕೊಳ್ಳಬೇಕು. ಅವಕ್ಕೆ ರಾಯಲ್ಟಿ ಇಲ್ಲ. ಮಾರುವವರಿಗೆ ಶೇ. 40, ಬರೆದವಳಿಗೆ ಶೇ. 25! ಜೊತೆಗೆ ವಾರಕ್ಕೆರಡು ರೀಲ್ಸ್, ಬಿಡುಗಡೆಯ ಸಭಾಂಗಣದ ಬಾಡಿಗೆ, ಅತಿಥಿಗಳ ಶಾಲು, ಹಾರ, ತಿಂಡಿ.

ಇದನ್ನು ಕೇಳಲು ಫೋನ್ ಮಾಡಿದಾಗ ನಿಮ್ಮ ಪ್ರಚಾರ ವಿಭಾಗದವರು ಮೊದಲು ಕೇಳಿದ್ದು, ‘ಇನ್‌ಸ್ಟಾದಲ್ಲಿ ಎಷ್ಟು ಜನ ಇದ್ದಾರೆ?’

‘ಸಾವಿರದ ಚಿಲ್ಲರೆ.’

‘ಅದರಲ್ಲಿ ನೆಂಟರೆಷ್ಟು?’

ಎಣಿಸಿಲ್ಲ ಎಂದೆ. ‘ಎಣಿಸಿ ಮೇಡಂ, ಅವರೇ ಕೊಳ್ಳೋದು.’ ಆಮೇಲೆ, ಮನೆಯಲ್ಲಿ ಮದುವೆ, ಗೃಹಪ್ರವೇಶ ಏನಾದರೂ ಇದೆಯೇ ಎಂಬ ವಿಚಾರಣೆ. ‘ತಾಂಬೂಲದ ಜೊತೆ ಒಂದೊಂದು ಪುಸ್ತಕ ಕೊಟ್ಟುಬಿಡಿ, 150 ಯಾವ ಲೆಕ್ಕ?’ ಕಥೆಗಳನ್ನು ಓದಿದ್ದೀರಾ ಎಂದು ಕೇಳಿದೆ. ‘ಅದು ಎಡಿಟೋರಿಯಲ್‌ನವರ ಕೆಲಸ,’ ಎಂದು ಫೋನಿಟ್ಟರು. ತೆಂಗಿನಕಾಯಿ ಬದಲು ಕಥಾಸಂಕಲನ ಕೊಡುವ ಈ ಯೋಜನೆ ನಿಮ್ಮ ಕರಾರಿನ ಯಾವ ಕಲಂನಲ್ಲಿದೆ, ದಯವಿಟ್ಟು ತಿಳಿಸಿ.

ಪುಸ್ತಕದ ಗುರುತಿನ ಸಂಖ್ಯೆಗೆ ‘ಐಎಸ್‌ಬಿಎನ್ ಶುಲ್ಕ’ ಎಂದು ನನ್ನಿಂದ 2,500 ಪಡೆದಿದ್ದೀರಿ, ರಸೀದಿ ಇದೆ. ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಆ ಸಂಖ್ಯೆಯನ್ನು ಪ್ರಕಾಶಕರಿಗೆ ಉಚಿತವಾಗಿ ಕೊಡುತ್ತದೆ. ಆ ಹಣ 15 ದಿನದೊಳಗೆ ವಾಪಸು ಬರಬೇಕು. ರಾಯಲ್ಟಿ ಮುಖಬೆಲೆಯ ಮೇಲೆ, ಹಕ್ಕು ಕನ್ನಡ ಮುದ್ರಣಕ್ಕೆ ಮಾತ್ರ, ಅವಧಿ 3 ವರ್ಷ, 11ನೇ ಕಲಂ ರದ್ದು: ಹೀಗೆ ತಿದ್ದಿದ ಕರಾರು ಬಂದರೆ ಓದುತ್ತೇನೆ. ಇಲ್ಲವಾದರೆ ವಕೀಲರ ನೋಟಿಸು ಬರುತ್ತದೆ, ಹಸ್ತಪ್ರತಿ ಬೇರೆಡೆ ಹೋಗುತ್ತದೆ, ನಿಮ್ಮ ಕರಾರುಪತ್ರ ಕಲಂವಾರು ಟಿಪ್ಪಣಿಯೊಂದಿಗೆ ಲೇಖಕರ ಗುಂಪುಗಳಿಗೆಲ್ಲ ತಲುಪುತ್ತದೆ. ಬೇಕಿದ್ದರೆ ಅದರ ಮೇಲೆ ವಾರಕ್ಕೆರಡು ರೀಲ್ಸ್ ಕೂಡ ಮಾಡುತ್ತೇನೆ.

ಇಂತಿ,
ಇನ್ನೂ ಸಹಿ ಹಾಕದ ಲೇಖಕಿ